ಕುಸುಬಿ ಸಾಬೂನು, ಐದನೇ ಸುತ್ತು: ಚುಕ್ಕಿಗಳು ಸಾಲು ಹಿಡಿದಾಗ

ಹೋದ ಭಾನುವಾರ ಸಂಜೆ ಐದು ತಿಂಗಳ ತಲೆನೋವು ಇಳಿಯಿತು. ಕುಸುಬಿ ಎಣ್ಣೆಯ ಸಾಬೂನಿನ ಮೇಲೆ ಏಳುವ ಕೇಸರಿ ಚುಕ್ಕಿ ಎಲ್ಲಿಂದ ಬರುತ್ತದೆ ಅಂತ ಗೊತ್ತಾಯಿತು. ಗೊತ್ತುಮಾಡಿದ್ದು ನಾನಲ್ಲ, ನಮ್ಮ ಅತ್ತೆ. ಅದನ್ನು ಆಮೇಲೆ ಹೇಳುತ್ತೇನೆ.

ಹಿಂದಿನ ಕಥೆ ಸ್ವಲ್ಪ. ಹೋದ ವರ್ಷ ದೀಪಾವಳಿಗೆ 32 ಮನೆಗೆ ಕೈಯಾರೆ ಮಾಡಿದ ಉಡುಗೊರೆ ಕೊಟ್ಟಿದ್ದೆ. ನರಕ ಚತುರ್ದಶಿ ನಸುಕಿನ ಎಣ್ಣೆ ಸ್ನಾನಕ್ಕೆ ಅಂತಲೇ ಮಾಡಿದ ಗಂಟು ಅದು. ಒಂದು ಬಿಲ್ಲೆ ಸಾಬೂನು, ತಲೆಗೆ ಹಚ್ಚಲು ಒಂದು ಸಣ್ಣ ಶೀಶೆ ಎಣ್ಣೆ, ಮೈಗೆ ತಿಕ್ಕಲು ಕಡಲೆಹಿಟ್ಟು ಮತ್ತು ಕಸ್ತೂರಿ ಅರಿಶಿನದ ಪುಡಿ. ಟೇಲರ್ ಅಂಗಡಿಯಲ್ಲಿ ಉಳಿದ ಗುಳೇದಗುಡ್ಡ ಖಣದ ತುಂಡಿನಲ್ಲಿ ಕಟ್ಟಿ ಕೊಟ್ಟರೆ ಮಿಠಾಯಿ ಡಬ್ಬಿಗಿಂತ ಚೆಂದ ಕಾಣುತ್ತದೆ. ಖರ್ಚೂ ಕಡಿಮೆ. ಎಲ್ಲರೂ ಖುಷಿಪಟ್ಟರು. ಸಂಕ್ರಾಂತಿ ಮುಗಿದ ವಾರ ಗದಗಿನಿಂದ ಚಿಕ್ಕಪ್ಪನ ಮಗಳ ಫೋನ್ ಬಂತು. "ಅಕ್ಕಾ, ಸಿಟ್ಟಾಗಬ್ಯಾಡ. ನೀ ಕೊಟ್ಟ ಸಾಬೂನು ಹಳೇ ಭಜಿ ಎಣ್ಣಿ ವಾಸನಿ ಹೊಡ್ಯಾಕತ್ತೈತಿ."

ಅವತ್ತು ರಾತ್ರಿ ಸರಿಯಾಗಿ ಊಟ ಸೇರಲಿಲ್ಲ. ಬೇರೆಯವರು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಮನೆಯಲ್ಲಿ ಉಳಿದಿದ್ದ ಆರು ಬಿಲ್ಲೆ ತೆಗೆದು ನೋಡಿದೆ. ಐದರ ಮೇಲೆ ಕೇಸರಿ ಚುಕ್ಕಿ ಎದ್ದಿದ್ದವು. ಬಾಗಿಲಲ್ಲಿ ನಿಂತು ನೋಡಿದ ಅತ್ತೆ, "ಏನವಾ, ನಿನ್ನ ಸಾಬೂನಕ್ಕ ಅಮ್ಮ ಬಂದಾಳಲ್ಲ! ಬೇವಿನ ತಪ್ಪಲಾ ಕಟ್ಟು" ಅಂದರು.

ಸಾಬೂನು ಮಾಡುವವರಿಗೆ ಈ ಚುಕ್ಕಿ ಹೊಸದಲ್ಲ. ಸಾಬೂನಾಗದೆ ಉಳಿದ ಎಣ್ಣೆ ಗಾಳಿಗೆ ಕೆಟ್ಟು ಹೀಗಾಗುತ್ತದೆ. ಲಿನೋಲಿಕ್ ಆಮ್ಲ (ಗಾಳಿಗೆ ಬೇಗ ಕೆಡುವ ಒಂದು ಕೊಬ್ಬಿನ ಆಮ್ಲ) ಜಾಸ್ತಿ ಇರುವ ಎಣ್ಣೆಯಲ್ಲಿ ಇದು ಬೇಗ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಶೇ 75ರ ಸುತ್ತ ಇರುತ್ತದೆ. ರೊಟ್ಟಿ-ಚಟ್ನಿಪುಡಿಗೆ ಇದರಷ್ಟು ರುಚಿ ಬೇರೆ ಎಣ್ಣೆಗಿಲ್ಲ. ಆದರೆ ಗಾಳಿಗೆ ಬಿಟ್ಟರೆ ಒಣಗಿ ಪೊರೆ ಕಟ್ಟುವ ಗುಣ ಅದಕ್ಕಿದೆ. ಚಿತ್ರ ಬರೆಯುವವರು ಬಣ್ಣ ಅರೆಯಲು ಕುಸುಬಿ ಎಣ್ಣೆ ಬಳಸುವುದು ಇದೇ ಗುಣಕ್ಕೆ. ಬಾಣಲೆಯ ಅಂಚಿಗೆ ಅಂಟಿದ ಎಣ್ಣೆ ಆಮೇಲೆ ಗೋಂದಿನ ಹಾಗೆ ಆಗಿ ಉಜ್ಜಿದರೂ ಹೋಗುವುದಿಲ್ಲ ಅಲ್ವಾ, ಅದೂ ಇದೇ ಬುದ್ಧಿ.

ಹಾಗಾದರೆ ಕುಸುಬಿ ಬಿಟ್ಟು ಬೇರೆ ಎಣ್ಣೆ ಹಾಕಬಾರದಾ ಅಂತ ಕೇಳಬಹುದು. ಬಿಡಲು ಮನಸ್ಸಿಲ್ಲ. ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಹೊಲದ ಬೆಳೆ ಇದು. ನಮ್ಮ ತವರಿನ ಹೊಲದಲ್ಲಿ ಬಿಳಿಜೋಳದ ಸುತ್ತ ಕುಸುಬಿ ಸಾಲು ಇರುತ್ತಿತ್ತು. ಮುಳ್ಳಿರುವುದರಿಂದ ದನ ಒಳಗೆ ಬಾಯಿ ಹಾಕುವುದಿಲ್ಲ. ಇಲ್ಲಿಯ ಜನರಿಗೆ ಕೊಡುವ ಸಾಬೂನಿನಲ್ಲಿ ಇಲ್ಲಿಯ ಎಣ್ಣೆ ಇರಬೇಕು ಅನ್ನುವುದು ನನ್ನ ಹಟ.

ಹೋದ ವರ್ಷದ ಲೆಕ್ಕ ಹೀಗಿತ್ತು: ಕುಸುಬಿ ಶೇ 60, ಕೊಬ್ಬರಿ 30, ಔಡಲ 10, ಸೂಪರ್‌ಫ್ಯಾಟ್ (ಸಾಬೂನಾಗದೆ ಉಳಿಯಲಿ ಅಂತ ಬೇಕಂತಲೇ ಬಿಡುವ ಎಣ್ಣೆ) 8. ಈಗ ಓದಿದರೆ ನನಗೇ ಗಾಬರಿ. ಇಡೀ ಸಾಬೂನಿನ ಲಿನೋಲಿಕ್ ಶೇ 45 ದಾಟುತ್ತದೆ. ಬಹಳ ಜನ ಶೇ 15ರ ಒಳಗೇ ಇಡಿ ಅನ್ನುತ್ತಾರೆ.

ಯುಗಾದಿ ಆದ ಮೇಲೆ ನಾಲ್ಕು ಬ್ಯಾಚ್ ಹಾಕಿದೆ. ಪ್ರತಿಯೊಂದಕ್ಕೂ 500 ಗ್ರಾಂ ಎಣ್ಣೆ, ಏಳು ಬಿಲ್ಲೆ. ಮೊದಲನೆಯದು ಹಳೇ ಲೆಕ್ಕವೇ, ನೀರು ಮಾತ್ರ ಬದಲು. ಹೋದ ವರ್ಷ ನಲ್ಲಿ ನೀರು ಬಾರದ ದಿನ ಬೋರ್ ನೀರು ಹಾಕಿದ್ದೆ. ಈ ಸಲ ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ನೀರು ತಂದೆ. ಎರಡನೆಯದಕ್ಕೆ ಅದೇ ಲೆಕ್ಕ, ಜೊತೆಗೆ ಎಣ್ಣೆ ಕೆಡದಿರಲಿ ಅಂತ ವಿಟಮಿನ್ ಈ ಗುಳಿಗೆ ಚುಚ್ಚಿ ಹಿಂಡಿದೆ. ಮೂರನೆಯದರಲ್ಲಿ ಕುಸುಬಿಯನ್ನು ಶೇ 10ಕ್ಕೆ ಇಳಿಸಿದೆ. ಗಟ್ಟಿತನಕ್ಕೆ ತಾಳೆ ಎಣ್ಣೆ 40, ಮುರುಗಲು ತುಪ್ಪ (ಕೋಕಂ ಬೀಜದ ಗಟ್ಟಿ ಎಣ್ಣೆ) 15, ಕೊಬ್ಬರಿ 30, ಔಡಲ 5. ಸೂಪರ್‌ಫ್ಯಾಟ್ 5. ನಾಲ್ಕನೆಯದು ಮೂರನೆಯದರ ಹಾಗೇ, ಸಿಟ್ರಿಕ್ ಆ್ಯಸಿಡ್ 5 ಗ್ರಾಂ ಜಾಸ್ತಿ. ಅದು ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸಾಬೂನು ಮಾಡುವ ಕ್ಷಾರ) ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗುತ್ತದೆ, ಎಣ್ಣೆಯನ್ನು ಬೇಗ ಕೆಡಿಸುವ ಕಬ್ಬಿಣ-ತಾಮ್ರದ ಅಂಶವನ್ನು ಹಿಡಿದು ಕಟ್ಟಿಹಾಕುತ್ತದೆ. ಒಂದು ಗ್ರಾಂ ಸಿಟ್ರಿಕ್ ಸುಮಾರು 0.62 ಗ್ರಾಂ ಕಾಸ್ಟಿಕ್ ತಿನ್ನುತ್ತದೆ, ಅಷ್ಟನ್ನು ಮೇಲೆ ಸೇರಿಸಬೇಕು. ನನ್ನ ಲೆಕ್ಕಕ್ಕೆ ಒಟ್ಟು 75 ಗ್ರಾಂ ಕಾಸ್ಟಿಕ್ ಬಂತು. ನೀವು ಮಾಡುವುದಾದರೆ ನಿಮ್ಮ ಎಣ್ಣೆ ಹಾಕಿ ಇನ್ನೊಮ್ಮೆ ಸಾಬೂನಿನ ಕ್ಯಾಲ್ಕುಲೇಟರ್‌ನಲ್ಲಿ ನೋಡಿಕೊಳ್ಳಿ.

ಇಲ್ಲಿ ಕಾಸ್ಟಿಕ್ ಬಗ್ಗೆ ಒಂದು ಸಂಕಟ ಹೇಳಲೇಬೇಕು. ನಾನು ತರುವ ಅಂಗಡಿಯವರು ದೊಡ್ಡ ಚೀಲ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಸುರಿದು ಕೊಡುತ್ತಾರೆ. ಮಳೆಗಾಲದಲ್ಲಿ ಚೂರುಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟಿರುತ್ತವೆ. ಅದು ಗಾಳಿಯ ನೀರು ಕುಡಿದಿದೆ ಅಂತ ಅರ್ಥ. 75 ಗ್ರಾಂ ತೂಗಿದರೆ ಅದರಲ್ಲಿ ನೀರೂ ಸೇರಿತು. ಕಾಸ್ಟಿಕ್ ಕಡಿಮೆ ಬಿದ್ದರೆ ಎಣ್ಣೆ ಉಳಿಯುತ್ತದೆ. ನಾನು 8 ಅಂತ ಬರೆದ ಸೂಪರ್‌ಫ್ಯಾಟ್ ನಿಜವಾಗಿ ಎಷ್ಟಿತ್ತೋ! ಉಳಿದ ಎಣ್ಣೆಯೇ ಚುಕ್ಕಿಗೆ ಊಟ. "ಸೀಲ್ ಮಾಡಿದ ಡಬ್ಬಿ ಕೊಡ್ರಿ ಅಣ್ಣಾರ" ಅಂದರೆ, "ಗಟಾರ ತೊಳ್ಯಾಕ ಸೀಲ್ ಯಾಕ್ರಿ ಅಕ್ಕಾರ?" ಅನ್ನುತ್ತಾರೆ. ಈಗ ಬೇರೆ ಕಡೆಯಿಂದ ಅರ್ಧ ಕಿಲೋದ ಮುಚ್ಚಿದ ಡಬ್ಬಿ ತರಿಸುತ್ತೇನೆ. ರೇಟು ಜಾಸ್ತಿ. ಆದರೆ ಮನಸ್ಸಿಗೆ ನೆಮ್ಮದಿ.

ಎಣ್ಣೆಯದ್ದೂ ಒಂದು ಕಥೆ. ಗಾಣದವರು ಹೋದ ವರ್ಷ ದಸರಾ ಹೊತ್ತಿಗೆ, "ನಿನ್ನೆನ ಹಿಂಡಿದ್ದರಿ ಅಕ್ಕಾರ, ತಾಜಾ ಐತಿ" ಅಂತ ಕೊಟ್ಟಿದ್ದರು. ಹಿಂಡಿದ್ದು ನಿನ್ನೆಯೇ ಇರಬಹುದು. ಕಾಳು ಯಾವಾಗಿನದು ಅಂತ ನಾನು ಕೇಳಿರಲಿಲ್ಲ. ಕುಸುಬಿ ಹಿಂಗಾರಿ ಬೆಳೆ, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಲು. ದಸರಾ ಹೊತ್ತಿನ ಕಾಳಿಗೆ ಏಳೆಂಟು ತಿಂಗಳಾಗಿರುತ್ತದೆ. ಈ ಸಲ ಏಪ್ರಿಲ್‌ನಲ್ಲಿ ಹೋಗಿ, ಹೊಸ ಕಾಳು ಕಣ್ಣಾರೆ ನೋಡಿ, ಮುಂದೆ ನಿಂತು ಹಿಂಡಿಸಿದೆ. ಶೀಶೆಯ ಬಾಯಿತನಕ ತುಂಬಿ ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ಪರಿಮಳವೇ ಬೇರೆ, ಹುರಿದ ಬೀಜದ ಹಾಗೆ.

ನಾಲ್ಕು ಬ್ಯಾಚಿನ ಒಟ್ಟು 28 ಬಿಲ್ಲೆ. ಒಣಗಲು ಇಡುವುದು ಹಳೇ ಫ್ರಿಜ್‌ನಿಂದ ತೆಗೆದ ತಂತಿ ಜಾಳಿಗೆಯ ಮೇಲೆ. ಗಾಳಿ ಕೆಳಗಿನಿಂದಲೂ ಆಡುತ್ತದೆ ಅಂತ ಮೊದಲಿನಿಂದಲೂ ಅದನ್ನೇ ಬಳಸಿದ್ದೇನೆ. ಅದರಲ್ಲಿ ಹಿಡಿಸುವುದು 20 ಮಾತ್ರ. ಉಳಿದ ಎಂಟನ್ನು, ಅಂದರೆ ಪ್ರತಿ ಬ್ಯಾಚಿನಿಂದ ಎರಡೆರಡನ್ನು, ಅತ್ತೆಯ ಬಿದಿರಿನ ಮೊರದಲ್ಲಿ ಬಿಳಿ ಹಾಳೆ ಹಾಸಿ ಇಟ್ಟೆ. ಜಾಗ ಇಲ್ಲ ಅಂತ ಇಟ್ಟಿದ್ದು, ಪರೀಕ್ಷೆ ಅಂತಲ್ಲ. ಎರಡೂ ಒಂದೇ ಕೋಣೆಯಲ್ಲಿ, ಒಂದೇ ಕಪಾಟಿನ ಮೇಲೆ.

ಜೂನ್ ಮುಗಿಯುವವರೆಗೂ ಏನೂ ಇಲ್ಲ. ನಂತರ ಧಾರವಾಡದ ಮಳೆ ಹಿಡಿಯಿತು. ಬಟ್ಟೆ ನಾಲ್ಕು ದಿನವಾದರೂ ಒಣಗದ ಮಳೆ. ಸಾಬೂನಿನೊಳಗಿನ ಗ್ಲಿಸರಿನ್ ಗಾಳಿಯ ನೀರು ಎಳೆದುಕೊಂಡು ಬಿಲ್ಲೆಗಳ ಮೈಯೆಲ್ಲ ಒದ್ದೆ ಒದ್ದೆ. ಆಗಸ್ಟ್ ಎರಡನೇ ವಾರ ಮೊದಲ ಬ್ಯಾಚಿನಲ್ಲಿ ಚುಕ್ಕಿ ಎದ್ದವು. ಮರುವಾರ ಎರಡನೆಯದರಲ್ಲಿ. ವಿಟಮಿನ್ ಈ ಹಾಕಿದ್ದಕ್ಕೂ ಹಾಕದ್ದಕ್ಕೂ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಗುಳಿಗೆಯ ದುಡ್ಡು ಹೋಯಿತು. ಗಣೇಶ ಚೌತಿ ಆದಮೇಲೆ ನೋಡಿದರೆ ಮೂರನೆಯದರಲ್ಲೂ ಸಣ್ಣಗೆ ಶುರುವಾಗಿತ್ತು! ಕುಸುಬಿ ಬರೀ ಶೇ 10, ಒಟ್ಟು ಲಿನೋಲಿಕ್ ಶೇ 13ರ ಒಳಗೆ, ಹೊಸ ಎಣ್ಣೆ, ಒಳ್ಳೆಯ ನೀರು. ಇನ್ನೇನು ಮಾಡಬೇಕು ಅಂತ ಕಣ್ಣಲ್ಲಿ ನೀರು ಬಂತು.

ಭಾನುವಾರ ಎಲ್ಲ ಬಿಲ್ಲೆಗಳನ್ನು ಅಡುಗೆಮನೆ ಕಟ್ಟೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದೆ. ಅತ್ತೆ ಕನ್ನಡಕ ಏರಿಸಿ ಒಂದನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಇನ್ನೊಂದು ತೆಗೆದುಕೊಂಡರು. ಆಮೇಲೆ ಹೇಳಿದರು: "ಅಲ್ಲವಾ, ಅಮ್ಮ ಬಂದ್ರ ಮೈತುಂಬ ಬರ್ತಾಳ. ಹಿಂಗ ಸಾಲ ಹಿಡದ ಬರ್ತಾಳೇನ?"

ನೋಡಿದೆ. ಹೌದು. ಚುಕ್ಕಿಗಳು ಗೆರೆ ಎಳೆದ ಹಾಗೆ ನಿಂತಿದ್ದವು. ಒಂದೊಂದು ಬಿಲ್ಲೆಗೆ ಮೂರು ಗೆರೆ, ನಡುವೆ ಒಂದು ಬೆರಳಿನ ಅಂತರ. ಓಡಿಹೋಗಿ ಜಾಳಿಗೆ ತಂದು ಬಿಲ್ಲೆಯನ್ನು ಮೇಲಿಟ್ಟೆ. ಗೆರೆಗೂ ತಂತಿಗೂ ಕೂದಲೆಳೆಯಷ್ಟೂ ಫರಕಿಲ್ಲ. ತಂತಿಯ ಬಿಳಿ ಲೇಪ ಅಲ್ಲಲ್ಲಿ ಎದ್ದು ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ಐದು ತಿಂಗಳು ದಿನಾ ನೋಡಿದ ಜಾಳಿಗೆ ಅದು.

ಮೊರದ ಎಂಟು ಬಿಲ್ಲೆಗಳನ್ನು ಬೇರೆ ಸಾಲಿನಲ್ಲಿ ಜೋಡಿಸಿದೆ. ಮೊದಲೆರಡು ಬ್ಯಾಚಿನ ನಾಲ್ಕರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ, ಯಾವ ಸಾಲೂ ಇಲ್ಲ. ಮೂರು ಮತ್ತು ನಾಲ್ಕನೇ ಬ್ಯಾಚಿನ ನಾಲ್ಕೂ ಶುದ್ಧ. ಹಾಲಿನ ಕೆನೆಯ ಬಣ್ಣ, ಕೆಟ್ಟ ವಾಸನೆ ಇಲ್ಲವೇ ಇಲ್ಲ. ಜಾಳಿಗೆಯ ಮೇಲಿದ್ದ ನಾಲ್ಕನೇ ಬ್ಯಾಚಿನ ಐದರಲ್ಲಿ ಒಂದಕ್ಕೆ ಮಾತ್ರ, ಅದೂ ತುಕ್ಕು ಜಾಸ್ತಿ ಇದ್ದ ಮೂಲೆಯಲ್ಲಿ, ಎರಡು ಚುಕ್ಕಿ. ಸಿಟ್ರಿಕ್ ತನ್ನ ಕೆಲಸ ಮಾಡಿದೆ.

ಆದದ್ದು ಇಷ್ಟು. ಎಣ್ಣೆ ಕೆಡುವುದನ್ನು ಕಬ್ಬಿಣ ಜೋರು ಮಾಡುತ್ತದೆ. ಮಳೆಗಾಲದಲ್ಲಿ ಬಿಲ್ಲೆ ಬೆವೆತು ತುಕ್ಕಿಗೆ ತಾಗಿ ಕಬ್ಬಿಣದ ಅಂಶ ಸಾಬೂನಿನೊಳಗೆ ಇಳಿದಿದೆ. ಲಿನೋಲಿಕ್ ಜಾಸ್ತಿ ಇದ್ದಲ್ಲಿ ಬೇಗ, ಕಡಿಮೆ ಇದ್ದಲ್ಲಿ ತಡವಾಗಿ ಚುಕ್ಕಿ ಎದ್ದಿದೆ. ಹಾಗಂತ ಜಾಳಿಗೆ ಬಿಸಾಕಿದರೆ ಶೇ 60 ಕುಸುಬಿ ನಡೆಯುತ್ತದೆ ಅಂತಲ್ಲ. ಮೊರದ ಮೇಲಿದ್ದ ಮೊದಲೆರಡು ಬ್ಯಾಚಿನ ನಾಲ್ಕೂ ಕೆಟ್ಟಿವೆಯಲ್ಲ. ಶೇ 10ಕ್ಕೆ ನಾನು ಒಪ್ಪಿಕೊಂಡಿದ್ದೇನೆ. ಮುಂದಿನ ಬೇಸಿಗೆಯಲ್ಲಿ 12 ಮಾಡಿ ನೋಡುವ ಆಸೆ ಇದೆ.

ಮುರುಗಲು ತುಪ್ಪದ ವಿಷಯ ಬಂದದ್ದಕ್ಕೆ ಹೇಳಿಬಿಡುತ್ತೇನೆ, ತಡೆಯಲು ಆಗುತ್ತಿಲ್ಲ. ಶಿರಸಿಯಿಂದ ಬಂದ ಗಟ್ಟಿ ಉಂಡೆ ಅದು. ತುರಿಯುವಾಗ ಕೈಗೆ ಅಂಟಿದ್ದನ್ನು ಸುಮ್ನೆ ಹಿಮ್ಮಡಿಗೆ ಸವರಿಕೊಂಡೆ. ಮೂರನೇ ದಿನಕ್ಕೆ ಹಿಮ್ಮಡಿ ಮೆತ್ತಗಾಗಿತ್ತು. ಘಟ್ಟದ ಜನ ಒಡೆದ ಕಾಲಿಗೆ ಇದನ್ನು ಹಚ್ಚುತ್ತಾ ಬಂದಿದ್ದಾರೆ, ನಾನು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಆದರೆ ಡಿಸೆಂಬರ್‌ನಲ್ಲಿ ಧಾರವಾಡದ ಚಳಿಗೆ ಹಿಮ್ಮಡಿ ಒಡೆಯುವ ಎಲ್ಲ ಅಕ್ಕ-ಕಾಕಿಯರ ಮುಖ ಕಣ್ಣ ಮುಂದೆ ಬಂತು. ಮುರುಗಲು ತುಪ್ಪ, ಜೇನುಮೇಣ, ಸ್ವಲ್ಪ ಎಳ್ಳೆಣ್ಣೆ, ಸಣ್ಣ ತಗಡಿನ ಡಬ್ಬಿ. ನೀರು ಸೇರಿಸದಿದ್ದರೆ ಪ್ರಿಸರ್ವೇಟಿವ್ ಗೊಡವೆ ಇಲ್ಲ. ಗುಲಾಬಿ ನೀರು ಹಾಕಿ ಕ್ರೀಮ್ ಮಾಡು ಅಂತ ಗೆಳತಿ ಹೇಳುತ್ತಾಳೆ. ನೀರು ಬಿತ್ತು ಅಂದರೆ ಬೂಸ್ಟು ಬಂತು ಅಂತಲೇ. ಉಡುಗೊರೆ ಅಂತ ಕೊಟ್ಟು ಯಾರ ಚರ್ಮವನ್ನೂ ಕೆಡಿಸಲು ನಾನು ತಯಾರಿಲ್ಲ. ಮೇಣದ ಅಳತೆ ಇನ್ನೂ ಕೂತಿಲ್ಲ, ಮೊದಲ ಡಬ್ಬಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಕೊಡುವ ಯೋಚನೆ.

ಈಗ ದೀಪಾವಳಿ ಕೆಲಸ. ಕನಿಷ್ಠ ಆರು ವಾರ ಒಣಗಬೇಕು, ಹಾಗಾಗಿ ಈ ವಾರವೇ ಹಾಕಬೇಕು. 42 ಬಿಲ್ಲೆ, ಅಂದರೆ ಆರು ಬ್ಯಾಚ್. ಖರ್ಚು ಬಿಲ್ಲೆಗೆ 26 ರೂಪಾಯಿ ಬರುತ್ತಿದೆ. 2025ರಲ್ಲಿ ಕೊಬ್ಬರಿ ಎಣ್ಣೆ ದರ ಏರಿದ ಮೇಲೆ ಕೊಬ್ಬರಿಯೇ ದೊಡ್ಡ ಪಾಲು ತಿನ್ನುತ್ತದೆ. ಅದನ್ನು 25ಕ್ಕೆ ಇಳಿಸೋಣ ಅಂತ ಯೋಚಿಸಿದ್ದೆ. ಆದರೆ ನಮ್ಮ ಬೋರ್ ನೀರಿಗೆ ನೊರೆ ಬರಬೇಕಾದರೆ ಕೊಬ್ಬರಿ ಬೇಕೇ ಬೇಕು. ಮುರುಗಲು ತುಪ್ಪ ದುಬಾರಿ, ಆದರೂ ಬಿಡುವುದಿಲ್ಲ. ಎಲ್ಲ ಸೇರಿ ಒಂದು ಗಂಟಿಗೆ 60 ರೂಪಾಯಿ ಒಳಗೆ ಮುಗಿಯುತ್ತದೆ. ಟೇಲರ್ ಅಣ್ಣ ಒಂದು ಚೀಲ ಖಣದ ತುಂಡು ಎತ್ತಿಟ್ಟಿದ್ದಾರೆ.

ಮೊರ ಒಂದೇ ಸಾಲದು, ಇನ್ನೆರಡು ತರಬೇಕು. ಜಾಳಿಗೆ ಮಾಳಿಗೆ ಮೇಲೆ ಹೋಯಿತು, ತುಳಸಿ ಸಸಿಯ ಕುಂಡಗಳ ಕೆಳಗೆ. ಚುಕ್ಕಿ ಬಿದ್ದ ಬಿಲ್ಲೆಗಳನ್ನು ಅತ್ತೆ ಅರಿವೆ ಒಗೆಯಲು ತೆಗೆದುಕೊಂಡಿದ್ದಾರೆ, ಕೊಳೆ ಚೆನ್ನಾಗಿ ಬಿಡುತ್ತದಂತೆ.

ಮೊರದ ಮೇಲಿದ್ದ ನಾಲ್ಕನೇ ಬ್ಯಾಚಿನ ಒಂದು ಬಿಲ್ಲೆಯನ್ನು ನಿನ್ನೆ ಗದಗಿನ ತಂಗಿಗೆ ಕಳಿಸಿದೆ. ಜೊತೆಗೆ ಚೀಟಿ: "ಇದನ್ನ ಬಳಸಬ್ಯಾಡ. ಕಪಾಟಿನಾಗ ಇಡು. ತಿಂಗಳಿಗೊಮ್ಮೆ ಮೂಸಿ ನೋಡಿ ಖರೇ ಖರೇ ಹೇಳು."