ಮೋಷನ್ ಸೀಟ್, ಆರನೇ ವಾರ: ಬಾಟಲಿಯ ನೀರು ಕೊಟ್ಟ ಉತ್ತರ

ನಾನು ಕಟ್ಟುತ್ತಿರುವ ಮೋಷನ್ ಸೀಟ್, ಅಂದರೆ ವಿಮಾನದಂತೆ ವಾಲುವ ಸೀಟಿನ, ಮೋಟರ್ ಬೆಲ್ಟ್ ಜಾರುವ ತೊಂದರೆ ಮುಗಿಯಿತು. ಎರಡೂ ಮೋಟರ್ ಈಗ ಹೇಳಿದ ಹಾಗೆ ಕೇಳುತ್ತವೆ.

ಈ ಸೀಟಿಗೆ ಕೈ ಹಾಕಿದ್ದೇ ಒಂದು ಆಸೆಗೆ. ಮೋಡದೊಳಗೆ ಪೈಲಟ್‌ಗೆ ಮೇಲು-ಕೆಳಗು, ಎಡ-ಬಲ ತಪ್ಪಿಹೋಗುತ್ತದಲ್ಲ, ಅದನ್ನು ನೆಲದ ಮೇಲೇ ಅನುಭವಿಸಬೇಕು ಅಂತ. 1954ರ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಹೊರಗೇನೂ ಕಾಣದಂತೆ ಮಾಡಿದಾಗ, ಬರೀ ಉಪಕರಣ ನೋಡಿ ಹಾರಿಸುವ ತರಬೇತಿಯಿಲ್ಲದ 20 ಪೈಲಟ್‌ಗಳೂ ವಿಮಾನದ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ! ಅದು ನಡೆದದ್ದು ನಿಜವಾದ ವಿಮಾನದಲ್ಲಿ. ನೆಲದ ಮೇಲಿನ ಸೀಟು ಅದಕ್ಕೇಕೆ ಸಾಲದು ಅಂತ ಈ ವಾರ ಅರ್ಥವಾಯಿತು.

ತಮ್ಮನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದೆ. ಸೆಕೆಂಡಿಗೆ 1 ಡಿಗ್ರಿಯಂತೆ ಸೀಟನ್ನು ಎಡಕ್ಕೆ ವಾಲಿಸಿದೆ. ಇಷ್ಟು ನಿಧಾನವಾದರೆ, ತಲೆ ತಿರುಗಿದ್ದನ್ನು ಗುರುತಿಸುವ ಒಳಗಿವಿಯ ಭಾಗಕ್ಕೆ ತಿಳಿಯಬಾರದು. ಆದರೆ ಐದಾರು ಡಿಗ್ರಿ ಆಗುವಷ್ಟರಲ್ಲಿ "ಎಡಕ್ಕೆ ಜಾರ್ತಿದ್ದೀನಿ ಅಣ್ಣಾ" ಅಂದ. ಇನ್ನೂ ನಿಧಾನ ಮಾಡಿದೆ. ಆಗಲೂ ಅದೇ ಮಾತು.

ಪಕ್ಕದಲ್ಲಿ ಸಿಕ್ಕಿಸಿದ್ದ ಅರ್ಧ ನೀರಿನ ಬಾಟಲಿ ನೋಡಿದೆ. ನೀರು ಒಂದು ಬದಿಗೆ ಏರಿ ನಿಂತಿತ್ತು. ವಿಮಾನ ಸರಿಯಾಗಿ ತಿರುಗುವಾಗ ಹೀಗಾಗುವುದಿಲ್ಲ. 30 ಡಿಗ್ರಿ ವಾಲಿದ್ದರೂ ನೀರು ಬಾಟಲಿಯ ತಳಕ್ಕೆ ಸಮನಾಗಿಯೇ ಇರುತ್ತದೆ. ಮೈಭಾರ ಸುಮಾರು 1.15 ಪಟ್ಟು ಆಗುತ್ತದೆ, ಅದೂ ನೇರ ಸೀಟಿನ ಕಡೆಗೆ. ಅದಕ್ಕೇ ಪೈಲಟ್‌ನ ಮೈ "ನೆಟ್ಟಗಿದ್ದೀನಿ" ಅಂತ ನಂಬುತ್ತದೆ. ನೆಲಕ್ಕೆ ಬೋಲ್ಟ್ ಹಾಕಿದ ಸೀಟಿನಲ್ಲಿ ಮೈ ನಿಜವನ್ನೇ ಹೇಳುತ್ತದೆ. ಆರು ಚಲಿಸುವ ಕಾಲುಗಳ ಮೇಲೆ ನಿಂತ ದೊಡ್ಡ ಸಿಮ್ಯುಲೇಟರ್‌ಗೂ ಇದೇ ಕಷ್ಟ.

ಟೇಕಾಫ್ ಪರೀಕ್ಷೆ ಇನ್ನೂ ಸ್ವಾರಸ್ಯವಾಗಿತ್ತು. ಪರದೆಯಲ್ಲಿ ರನ್‌ವೇ ಓಡುತ್ತಿರುವಾಗ ಸೀಟ್ ಹಿಂದಕ್ಕೆ ವಾಲಿದರೆ ವೇಗ ಏರಿದಂತೆಯೇ ಅನಿಸುತ್ತದೆ. ಪರದೆ ಆರಿಸಿದರೆ ಸುಮ್ನೆ ಹಿಂದಕ್ಕೆ ಒರಗಿದಂತೆ. ಆಕಾಶದಲ್ಲಿ ಇದು ತಿರುಗುಮುರುಗು: ವೇಗ ಏರುವುದು ನಿಜ, ಮೂತಿ ಮೇಲೆದ್ದಂತೆ ಅನಿಸುವುದು ಸುಳ್ಳು. ಅದನ್ನು ನಂಬಿ ಕತ್ತಲಲ್ಲಿ ಮೂತಿ ಕೆಳಗೆ ಒತ್ತಿದರೆ ನೆಲ ಹತ್ತಿರವೇ ಇರುತ್ತದೆ, ಅಲ್ವಾ?

ಒಂದೇ ಒಂದು ಮೋಸ ಚೆನ್ನಾಗಿ ಬಂದದ್ದು ಮಾಮೂಲಿ ತಿರುಗುವ ಕುರ್ಚಿಯಲ್ಲಿ. ಒಂದೇ ವೇಗದಲ್ಲಿ ಬಲಕ್ಕೆ ತಿರುಗಿಸುತ್ತಾ ಹೋದೆ. ಸುಮಾರು 20 ಸೆಕೆಂಡಿಗೆ ತಮ್ಮ "ನಿಂತೋಯ್ತು" ಅಂದ. ಕಿವಿಯೊಳಗಿನ ದ್ರವ ತಲೆಯ ವೇಗಕ್ಕೆ ಹೊಂದಿಕೊಂಡಿತ್ತು. ನಿಜಕ್ಕೂ ನಿಲ್ಲಿಸಿದಾಗ ಎಡಕ್ಕೆ ತಿರುಗುತ್ತಿದ್ದೀನಿ ಅಂತ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಹಾಗಾಗಿ ಇಡೀ ಸೀಟನ್ನು ತಿರುಗುವ ತಳದ ಮೇಲೆ ಕೂರಿಸುತ್ತೇನೆ. ವೈರ್ ಸುತ್ತಿಕೊಳ್ಳದಿರಲು ಸ್ಲಿಪ್ ರಿಂಗ್ (ತಿರುಗುತ್ತಿದ್ದರೂ ವಿದ್ಯುತ್ ದಾಟಿಸುವ ಉಂಗುರ) ಬೇಕು. ಬೇರಿಂಗ್ ಅಳತೆ ತೆಗೆದಾಯಿತು.