ಹೊಳೆಯುವ ರಿವಾಲ್ವರಿಗೆ ಹೆಚ್ಚು ಬೆಲೆ ಕಟ್ಟಿದ ದಿನ

ಅಮೆರಿಕದ ಒಹಾಯೊ ರಾಜ್ಯದ ಒಂದು ಬಂದೂಕಿನ ಅಂಗಡಿಯಲ್ಲಿ ನನಗೆ ಕೆಲಸ. ಹಳೆಯ ಕೈಬಂದೂಕು ಮಾರಲು ತಂದವರೆದುರು ಕೂತು, ಅದನ್ನು ಪರೀಕ್ಷಿಸಿ ಬೆಲೆ ಹೇಳಬೇಕು. ಮಲೆನಾಡಿನವನಾದ ನನಗೆ ಕೋವಿ ಹೊಸದೇನಲ್ಲ. ಅಜ್ಜನ ಮನೆಯಲ್ಲಿ ಒಂಟಿನಳಿಗೆಯ ತೋಟಾ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಲು ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ. ಆದರೆ ರಿವಾಲ್ವರ್ ಬೇರೆಯೇ ಯಂತ್ರ. ಅದರ ಒಳಗನ್ನು ಬಿಚ್ಚಿ ನೋಡಿದರೆ ಕೋವಿಗಿಂತ ಗೋಡೆ ಗಡಿಯಾರ ನೆನಪಾಗುತ್ತದೆ. ಇದು ನನಗೆ ಅರ್ಥವಾಗಲು ಒಂದು ತಪ್ಪು ಆಗಬೇಕಾಯಿತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದೇ ವಾರದಲ್ಲಿ ಎರಡು ರಿವಾಲ್ವರ್ ಬಂದವು. ಎರಡೂ ಸ್ಮಿತ್ ಅಂಡ್ ವೆಸನ್ ಮಾಡೆಲ್ 19, ಎರಡೂ .357 ಮ್ಯಾಗ್ನಂ ಎಂಬ ಹೆಚ್ಚು ಶಕ್ತಿಯ ತೋಟಾ ಹೊಡೆಯುವಂಥವು. ಮೊದಲನೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಂದವರು "ಹೆಚ್ಚು ಹೊಡೆದೇ ಇಲ್ಲ" ಅಂದರು. ಎರಡನೆಯದನ್ನು ತಂದದ್ದು ಗಂಡನನ್ನು ಕಳೆದುಕೊಂಡ ಒಬ್ಬ ವಯಸ್ಸಾದ ಅಮ್ಮ. ಅವರ ಯಜಮಾನರು ಪೊಲೀಸ್ ಇಲಾಖೆಯಲ್ಲಿದ್ದವರಂತೆ. ನಳಿಗೆಯ ತುದಿಯಲ್ಲಿ ಬಣ್ಣ ಪೂರ್ತಿ ಸವೆದು ಬಿಳಿ ಉಕ್ಕು ಕಾಣುತ್ತಿತ್ತು, ಮರದ ಹಿಡಿ ಕೆತ್ತಿಹೋಗಿತ್ತು. ಮೊದಲನೆಯದಕ್ಕೆ ಒಳ್ಳೆಯ ಬೆಲೆ ಕೊಟ್ಟೆ. ಅಮ್ಮನಿಗೆ ಅದರ ಅರ್ಧಕ್ಕಿಂತ ಕಡಿಮೆ ಹೇಳಿದೆ. ಅವರು ಚೌಕಾಸಿ ಮಾಡದೆ ಒಪ್ಪಿಕೊಂಡು ಹೋದರು.

ಮಾರಾಟಕ್ಕೆ ಇಡುವ ಮುಂಚೆ ಪ್ರತಿಯೊಂದೂ ನಮ್ಮ ರಿಪೇರಿ ಮೇಜಿನ ಮೇಲೆ ಹಾದುಹೋಗಬೇಕು. ಅಲ್ಲಿರುವ ಹಿರಿಯರು ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಹೊಳೆಯುವುದನ್ನು ಕೈಗೆ ತೆಗೆದುಕೊಂಡವರೇ ತೋಟಾಗೆ ಬಡಿಯುವ ಹ್ಯಾಮರ್ ಮತ್ತು ಬೆರಳಿನಿಂದ ಎಳೆಯುವ ಟ್ರಿಗರ್ ತೋರಿಸಿದರು. "ಇವೂ ನೀಲಿಕಪ್ಪು ಇವೆ ನೋಡು. ಕಾರ್ಖಾನೆಯಿಂದ ಬರುವಾಗ ಇವೆರಡಕ್ಕೆ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣ ಬಣ್ಣದ ಮಚ್ಚೆ ಇರುತ್ತದೆ. ಯಾರೋ ಇಡೀ ಬಂದೂಕನ್ನು ಉಜ್ಜಿ ಹೊಸದಾಗಿ ಬಣ್ಣ ಹಾಕಿಸಿದ್ದಾರೆ." ಆಮೇಲೆ ನಳಿಗೆಯ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿಸಿದರು. ಅಂಚುಗಳು ಸವೆದು ದುಂಡಗಾಗಿದ್ದವು. ಅಷ್ಟು ದೊಡ್ಡದಾಗಿ ಎದುರಿಗೇ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿಜವಾದ ಪೆಟ್ಟು ಅದರ ನಂತರ. ತೋಟಾ ತುಂಬುವ ಆರು ಮನೆಗಳ ಸಿಲಿಂಡರನ್ನು ಹೊರಗೆ ತಿರುಗಿಸಿ, ನಳಿಗೆಯ ಹಿಂಬದಿಯ ಬಾಯಿಯನ್ನು ಬ್ರಷ್ಷಿನಿಂದ ತಿಕ್ಕಿ, ಮಸಿ ಹೋದ ಮೇಲೆ ಕೆಳಗಿನಿಂದ ಟಾರ್ಚ್ ಹಿಡಿದರು. ಗಡಿಯಾರದಲ್ಲಿ ಆರು ಇರುವ ಜಾಗದಲ್ಲಿ ಕೂದಲಿನಷ್ಟು ಸಣ್ಣ ಕಪ್ಪು ಗೆರೆ. ಒರೆಸಿದರೂ ಹೋಗಲಿಲ್ಲ. ಬಿರುಕು.

ಇದರ ಹಿಂದೆ ಒಂದು ಕಥೆ ಇದೆ. .357 ಮ್ಯಾಗ್ನಂ 1935ರಲ್ಲಿ ಬಂದಾಗ ಅದಕ್ಕೆ ಭಾರಿ ಗಾತ್ರದ ರಿವಾಲ್ವರನ್ನೇ ಕೊಟ್ಟಿದ್ದರು. ಇಡೀ ದಿನ ಸೊಂಟದಲ್ಲಿ ಹೊರುವವರಿಗೆ ಅದು ಭಾರ. ಅಮೆರಿಕದ ಗಡಿ ಕಾವಲು ದಳದ ಬಿಲ್ ಜೋರ್ಡನ್ ಮುಂತಾದವರು ಹಗುರವಾದದ್ದು ಬೇಕೆಂದು ಕೇಳಿದ ಮೇಲೆ 1955ರಲ್ಲಿ ಮಧ್ಯಮ ಗಾತ್ರದ ಚೌಕಟ್ಟಿನಲ್ಲಿ ಈ ರಿವಾಲ್ವರ್ ಬಂತು. ಮಾಡೆಲ್ 19 ಎಂಬ ಸಂಖ್ಯೆ ಸಿಕ್ಕಿದ್ದು ಎರಡು ವರ್ಷದ ನಂತರ. ಚಿಕ್ಕ ಚೌಕಟ್ಟಿನಲ್ಲಿ ಸಿಲಿಂಡರ್ ಮುಚ್ಚಿಕೊಳ್ಳಲು ಜಾಗ ಬೇಕಲ್ಲ, ಅದಕ್ಕೆ ನಳಿಗೆಯ ಹಿಂಬಾಯಿಯ ಕೆಳಭಾಗವನ್ನು ಸ್ವಲ್ಪ ಚಪ್ಪಟೆಯಾಗಿ ಕತ್ತರಿಸಿದ್ದಾರೆ. ಉಕ್ಕು ತೆಳುವಾಗಿರುವುದು ಅಲ್ಲೇ. ಆಗಿನ ಲೆಕ್ಕಾಚಾರದಲ್ಲಿ ಅದು ತಪ್ಪಲ್ಲ. ಅಭ್ಯಾಸಕ್ಕೆ ಅದೇ ರಿವಾಲ್ವರಿಗೆ ಹಿಡಿಯುವ, ಶಕ್ತಿ ಕಡಿಮೆಯ .38 ಸ್ಪೆಷಲ್ ತೋಟಾ, ಕರ್ತವ್ಯಕ್ಕೆ ಮಾತ್ರ ಮ್ಯಾಗ್ನಂ ಎಂಬುದು ಅಂದಿನ ರೂಢಿ, ಗುಂಡೂ 158 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ. ಆಮೇಲೆ ಅಭ್ಯಾಸವನ್ನೂ ಪೂರ್ಣ ಶಕ್ತಿಯ ತೋಟಾಗಳಲ್ಲೇ ಮಾಡುವ ಪದ್ಧತಿ ಬಂತು, ಗುಂಡು 125 ಗ್ರೇನಿಗೆ ಇಳಿಯಿತು. ಹಗುರವಾದ ಈ ಗಿಡ್ಡ ಗುಂಡು ಅತಿ ವೇಗವಾಗಿ ಹೊರಡುತ್ತದೆ, ಅದರ ಹಿಂದೆ ಉರಿಯುವ ಅನಿಲ ಮತ್ತು ಉರಿದು ಮುಗಿಯದ ಮದ್ದಿನ ಪುಡಿ ಆ ಹಿಂಬಾಯಿಗೆ ರಾಚುತ್ತವೆ. ಸಾವಿರಾರು ಸಲ ಹೀಗಾದರೆ ತೆಳು ಜಾಗ ಸೀಳುತ್ತದೆ. 1980ರ ಹೊತ್ತಿಗೆ ಇದೇ ಕಂಪನಿ ಸ್ವಲ್ಪ ದೊಡ್ಡ ಚೌಕಟ್ಟಿನ 586, 686 ತಂದಿತು. ಅದರಲ್ಲಿ ಆ ಜಾಗ ಸುತ್ತಲೂ ದಪ್ಪ. ಹಳೆಯ 19ಕ್ಕೆ ಬದಲಿ ನಳಿಗೆ ಈಗ ಹುಡುಕಿದರೂ ಸಿಗುವುದು ಕಷ್ಟ.

ಅಮ್ಮನ ರಿವಾಲ್ವರ್ ಬಿಚ್ಚಿದಾಗ ಹಿರಿಯರು ತುಂಬಾ ಹೊತ್ತು ಮಾತಾಡಲಿಲ್ಲ. ಹಿಂಬಾಯಿ ಚೊಕ್ಕಟ. ಸಿಲಿಂಡರ್ ಹಿಂದೆ ಮುಂದೆ ಅಲ್ಲಾಡುತ್ತಿರಲಿಲ್ಲ. ಸಿಲಿಂಡರಿನ ಮೇಲೆ ಹಾದುಹೋಗುವ ಚೌಕಟ್ಟಿನ ಪಟ್ಟಿಯ ಒಳಗಡೆ ಅನಿಲ ಕೊರೆದ ಗೆರೆ ಇರಲಿಲ್ಲ. ಬಣ್ಣ ಸವೆಸಿದ್ದು ಹೋಲ್‌ಸ್ಟರ್, ಅಂದರೆ ಬಂದೂಕು ಇಡುವ ಚರ್ಮದ ಚೀಲ. ವರ್ಷಗಟ್ಟಲೆ ಹೊತ್ತಿದ್ದಾರೆ, ಹೊಡೆದದ್ದು ಬಹಳ ಕಡಿಮೆ. ಹೋಲ್‌ಸ್ಟರಿನ ಸವೆತ ಹೊರಗಿನದು, ಗುಂಡಿನ ಸವೆತ ಒಳಗಿನದು. ಎರಡನ್ನೂ ಒಂದೇ ಎಂದು ತಿಳಿದು ಒಬ್ಬ ವಿಧವೆಗೆ ಕಡಿಮೆ ದುಡ್ಡು ಕೊಟ್ಟಿದ್ದೆ. ಬಿರುಕಿನ ನಷ್ಟಕ್ಕಿಂತ ಇದೇ ನನ್ನನ್ನು ಹೆಚ್ಚು ಕಾಡಿದ್ದು. ಮಾಲೀಕರ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಆ ಅಮ್ಮನ ಫೋನ್ ನಂಬರ್ ತೆಗೆಸಿ, ನಾನೇ ಮಾತಾಡಬೇಕೆಂದರು. ಉಳಿದ ದುಡ್ಡಿನ ಚೆಕ್ ಕೊಡಲು ನಾನೇ ಅವರ ಮನೆಗೆ ಹೋಗಿ ಬಂದೆ.

ಅಂದಿನಿಂದ ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇನೆ. ಮೊದಲು ಸಿಲಿಂಡರ್ ತೆರೆದು ಆರೂ ಮನೆ ಖಾಲಿ ಇವೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳುತ್ತೇನೆ. ಬಳಿಕ ಹಿಂಬಾಯಿ. ಮಸಿ ಇದ್ದರೆ, ಉಜ್ಜಲು ಮಾರುವವರು ಒಪ್ಪದಿದ್ದರೆ, ಬೆಲೆಯ ಮಾತೇ ಇಲ್ಲ. ಸಿಲಿಂಡರ್ ಮುಚ್ಚಿ, ಅದರ ಮೇಲೆ ಬೆರಳನ್ನು ಹಗುರವಾಗಿ ಒತ್ತಿ ಹಿಡಿದು, ಹ್ಯಾಮರನ್ನು ಬಹಳ ನಿಧಾನವಾಗಿ ಎಳೆಯುತ್ತೇನೆ. ಹ್ಯಾಮರ್ ಪೂರ್ತಿ ನಿಲ್ಲುವುದರೊಳಗೆ ಸಿಲಿಂಡರ್ ಟಕ್ಕೆಂದು ಬೀಗ ಹಾಕಿಕೊಳ್ಳಬೇಕು. ಒಂದೊಂದು ಮನೆಗೂ ಹೀಗೆ, ಆರು ಸಲ. ಐದು ಸರಿ ಇದ್ದು ಆರನೆಯದು ತಡವಾಗುವುದುಂಟು. ಕೋಲ್ಟ್ ಕಂಪನಿಯ ಹಳೆಯ ಪೈಥಾನ್ ರಿವಾಲ್ವರುಗಳಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಅವುಗಳ ಬಿಗಿ ಬೀಗಕ್ಕೆ ಜನ ಮರುಳಾಗುತ್ತಾರೆ, ಆ ಬಿಗಿ ಕೊಡುವ ಭಾಗವೇ ಸವೆಯುವುದೂ ಹೌದು. ಹ್ಯಾಮರ್ ನಿಂತ ಮೇಲೆ ಟ್ರಿಗರ್ ಮುಟ್ಟದೆ ಹಿಂದಿನಿಂದ ಹೆಬ್ಬೆರಳಿನಲ್ಲಿ ದೂಡುತ್ತೇನೆ. ಬಿದ್ದುಬಿಟ್ಟರೆ ಯಾರೋ ಒಳಗೆ ಅರ ಹಾಕಿದ್ದಾರೆ, ಆ ಬಂದೂಕು ಅಪಾಯ. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದಿಗೆ, ಅದನ್ನು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ಹಾಕಿದರೆ 0.006 ಇಂಚಿನ ಆಸುಪಾಸು ಬಂದರೆ ನೆಮ್ಮದಿ, 0.010 ದಾಟಿದರೆ ಯೋಚಿಸಬೇಕು. ಹಿಡಿಯ ಮುಂಭಾಗದ ಕೆಳಗಿರುವ, ಹ್ಯಾಮರಿನ ಸ್ಪ್ರಿಂಗನ್ನು ಬಿಗಿಯುವ ಸಣ್ಣ ಸ್ಕ್ರೂ ಮರೆಯಬೇಡಿ. ಟ್ರಿಗರ್ ಹಗುರವಾಗಲೆಂದು ಅದನ್ನು ಸಡಿಲ ಮಾಡಿಟ್ಟಿರುತ್ತಾರೆ. ಆಗ ತೋಟಾಗೆ ಪೆಟ್ಟು ಸಾಲದೆ ಸಿಡಿಯುವುದೇ ಇಲ್ಲ.

ಕೊಂಡವರಿಗೆ ಹೊಡೆಯುವ ವಿಷಯದಲ್ಲಿ ನಾನು ಹೇಳುವುದು ಸ್ವಲ್ಪವೇ. ಹಳೆಯ 19ಕ್ಕೆ .38 ಸ್ಪೆಷಲ್ ಹಾಕಿ, ಆಗೊಮ್ಮೆ ಈಗೊಮ್ಮೆ 158 ಗ್ರೇನಿನ ಮ್ಯಾಗ್ನಂ. .38ರ ಕೋಶ ಗಿಡ್ಡವಾದ್ದರಿಂದ ಸಿಲಿಂಡರಿನ ಮನೆಯೊಳಗೆ ಮಸಿಯ ಬಳೆ ಕಟ್ಟುತ್ತದೆ, ಮ್ಯಾಗ್ನಂ ಹಾಕುವ ಮುಂಚೆ ಅದನ್ನು ಉಜ್ಜಿ ತೆಗೆಯಿರಿ. ಕಿವಿಯೊಳಗೊಂದು, ಕಿವಿಯ ಮೇಲೊಂದು, ಎರಡೂ ರಕ್ಷಣೆ ಬೇಕು. ಬೆರಳು ಯಾವತ್ತೂ ಸಿಲಿಂಡರಿನ ಮುಂದಿನ ಸಂದಿಯ ಹತ್ತಿರ ಹೋಗಬಾರದು, ಅಲ್ಲಿಂದ ಹೊರಡುವ ಅನಿಲ ಚರ್ಮ ಸೀಳುತ್ತದೆ.

ವಾರಾಂತ್ಯಕ್ಕೆ ಕನ್ನಡದ ಹುಡುಗರೂ ಒಮ್ಮೊಮ್ಮೆ ಬರುತ್ತಾರೆ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲವು ವಿನಾಯಿತಿ ಬಿಟ್ಟರೆ ಇಲ್ಲಿನ ಫೆಡರಲ್ ಕಾನೂನು ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೂ, ಬಂದೂಕು ಕೊಳ್ಳುವವರು ತುಂಬುವ ಸರ್ಕಾರಿ ಫಾರಂ 4473 ತುಂಬಿ ಹಿನ್ನೆಲೆ ತಪಾಸಣೆ ಮುಗಿಯಲೇಬೇಕು. "ಅಣ್ಣಾ, ಸ್ನೇಹಿತನ ಹೆಸರಲ್ಲಿ ಬರೆಯೋದಾ?" ಎಂದು ಒಬ್ಬ ಕೇಳಿದ. ಅದು ಫೆಡರಲ್ ಅಪರಾಧ, ನಿನ್ನ ವೀಸಾ, ನಿನ್ನ ಸ್ನೇಹಿತನ ಬದುಕು ಎರಡೂ ಹೋಗುತ್ತವೆ ಎಂದು ಕೂರಿಸಿ ಹೇಳಿ ಕಳಿಸಿದೆ.

ಬಿರುಕುಬಿಟ್ಟ ಆ 19 ಮಾರಾಟಕ್ಕೆ ಹೋಗಲಿಲ್ಲ. ಹ್ಯಾಮರಿನ ಮೊನೆ ತೆಗೆದು ಹೊಡೆಯಲಾಗದಂತೆ ಮಾಡಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇವೆ. ಕೆಲಸಕ್ಕೆ ಹೊಸಬರು ಸೇರಿದ ದಿನ ಅದನ್ನೂ ಒಂದು ಟಾರ್ಚನ್ನೂ ಅವರ ಕೈಗೆ ಕೊಟ್ಟು, ಬೆಲೆ ಹೇಳಿ ಅನ್ನುತ್ತೇನೆ. ಆಮೇಲೆ ಅವರು ಬೆಳಕನ್ನು ಮೊದಲು ಎಲ್ಲಿಗೆ ಹಿಡಿಯುತ್ತಾರೆ ಎಂದು ನೋಡುತ್ತ ನಿಲ್ಲುತ್ತೇನೆ.