ಸೈಕಲನ್ನು ಕಾರಿಂದ ಇಳಿಸಿದ ಮೇಲೆ ಗೇರ್ ಸರಿಯಾಗಿ ಬೀಳ್ತಿಲ್ಲ, ಯಾವ ಸ್ಕ್ರೂ ತಿರುಗಿಸಲಿ?

ಯಾವುದನ್ನೂ ತಿರುಗಿಸಬೇಡಿ. ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡಿ.

ಸೈಕಲನ್ನು ಕಾರಲ್ಲಿ ಹಾಕಿಕೊಂಡು ಬಂದವರೆಲ್ಲ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. "ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ಟಕಟಕ ಅಂತಿದೆ, ಯಾವ ಸ್ಕ್ರೂ?" ನಿನ್ನೆ ತನಕ ಚೆನ್ನಾಗಿತ್ತು ಅಂದ ಮೇಲೆ ಸ್ಕ್ರೂ ಸರಿಯಾಗೇ ಇತ್ತು, ಅಲ್ವಾ? ಡಿಕ್ಕಿಯಲ್ಲಿ ಮಲಗಿದ್ದ ಸೈಕಲಿನ ಸ್ಕ್ರೂ ತಾನಾಗಿ ತಿರುಗುವುದಿಲ್ಲ. ಎಚ್, ಎಲ್ ಅಂತ ಗುರುತಿರುವ ಆ ಎರಡು ಸ್ಕ್ರೂಗಳು ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎರಡು ತುದಿಗಳಲ್ಲಿ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತವೆ, ಅಷ್ಟೇ. ಮಧ್ಯದ ಗೇರುಗಳು ಅವುಗಳ ಮಾತು ಕೇಳುವುದಿಲ್ಲ.

ಗೆಳೆಯರೊಬ್ಬರು ನನ್ನನ್ನು ಕೇಳುವ ಮೊದಲೇ ಎರಡನ್ನೂ ತಿರುಗಿಸಿಬಿಟ್ಟಿದ್ದರು. ಏರು ಹತ್ತುವಾಗ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿದರು. ಚೈನ್ ಅದನ್ನೂ ದಾಟಿ ಹಿಂದಿನ ಚಕ್ರದ ಕಡ್ಡಿಗಳ ಸಂದಿಗೆ ಬಿತ್ತು. ನಿಧಾನವಾಗಿ ಹೋಗುತ್ತಿದ್ದರು, ತಕ್ಷಣ ನಿಲ್ಲಿಸಿದರು, ಹಾಗಾಗಿ ಕಡ್ಡಿಗಳ ಮೇಲೆ ಗೀರು ಬಿದ್ದಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಸೈಕಲಿನ ಹಿಂದೆ ಕೂತು ನೋಡಿದೆ. ಡಿರೇಲರಿನ ಎರಡು ಪುಟ್ಟ ಚಕ್ರಗಳು ಒಂದರ ಕೆಳಗೊಂದು ನೆಟ್ಟಗೆ ನಿಲ್ಲಬೇಕು. ಇಲ್ಲಿ ಕೆಳಗಿನದು ಕಡ್ಡಿಗಳ ಕಡೆ ವಾಲಿತ್ತು. ಹ್ಯಾಂಗರ್ ಬಾಗಿತ್ತು.

ಹ್ಯಾಂಗರ್ ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಚಿಕ್ಕ ತುಂಡು. ಈಗಿನ ಬಹಳಷ್ಟು ಸೈಕಲ್‌ಗಳಲ್ಲಿ ಅದು ಮೆತ್ತನೆಯ ಅಲ್ಯೂಮಿನಿಯಂ. ಪೆಟ್ಟು ಬಿದ್ದರೆ ಫ್ರೇಮ್ ಉಳಿಯಲಿ, ತಾನು ಬಾಗಲಿ ಅಂತಲೇ ಮಾಡಿದ್ದು. 11 ಗೇರಿನ ಸೈಕಲಿನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ 4 ಮಿಲಿಮೀಟರ್ ಕೂಡ ಇರುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣದಷ್ಟು ಬಾಗಿದರೂ ಗೇರ್ ತಪ್ಪುತ್ತದೆ. ಅದನ್ನು ಅಳೆದು ನೇರ ಮಾಡುವ ಗೇಜ್ ಮೆಕ್ಯಾನಿಕ್ ಹತ್ತಿರ ಇರುತ್ತದೆ. ಕೈಯಲ್ಲಿ ಅಂದಾಜಿಗೆ ಎಳೆಯಬೇಡಿ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಆದರೆ ಅದಕ್ಕೂ ಮೊದಲು ಎರಡು ಸುಲಭದ ಕೆಲಸ ಮಾಡಿ. ಹಿಂದಿನ ಚಕ್ರ ಬಿಚ್ಚಿದ್ದಿರಾ? ಸೈಕಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಕ್ವಿಕ್ ರಿಲೀಸ್ (ಚಕ್ರವನ್ನು ಬಿಗಿಹಿಡಿಯುವ ಲಿವರ್) ಸಡಿಲಿಸಿ, ಚಕ್ರ ಪೂರ್ತಿ ಒಳಗೆ ಕೂತ ಮೇಲೆ ಮತ್ತೆ ಬಿಗಿ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಮೇಲೆ ಗೇರ್ ಕೇಬಲಿನ ಔಟರ್, ಅಂದರೆ ಹೊರಗಿನ ಕೊಳವೆ, ತನ್ನ ಜಾಗದಿಂದ ಜಾರಿದೆಯಾ ನೋಡಿ. ಇದೆಲ್ಲ ಸರಿಯಿದ್ದು, ಚೈನ್ ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡ ಮಾಡಿದರೆ ಮಾತ್ರ ಬ್ಯಾರೆಲ್ ಅಡ್ಜಸ್ಟರ್, ಅಂದರೆ ಕೇಬಲಿನ ಬಿಗಿ ಹೊಂದಿಸುವ ತಿರುಪು, ಮುಟ್ಟಿ. ಹಿಂದಿನಿಂದ ನೋಡುತ್ತಾ, ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು. ಜಾಸ್ತಿ ಬೇಡ.

ಸೈಕಲನ್ನು ಕಾರಲ್ಲಿ ಹೇಗೆ ಮಲಗಿಸಲಿ ಅಂತ ಯಾಕೆ ಯಾರೂ ಕೇಳುವುದಿಲ್ಲ? ನನಗೆ ನಿಜಕ್ಕೂ ಬೇಜಾರಾಗುವುದು ಇಲ್ಲಿ. ಚೈನ್ ಇರುವ ಬದಿ ಮೇಲಕ್ಕಿರಲಿ. ಅದನ್ನು ಕೆಳಗೆ ಹಾಕಿದರೆ ಸೈಕಲಿನ ಭಾರ ಡಿರೇಲರಿನ ಮೇಲೆ ಬೀಳುತ್ತದೆ, ದಾರಿಯ ಪ್ರತಿ ಗುಂಡಿಯೂ ಅದನ್ನು ಒಳಗೆ ತಳ್ಳುತ್ತದೆ. ಚಕ್ರ ಬಿಚ್ಚದೆ ಮಲಗಿಸುವುದಾದರೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿಡಿ, ಡಿರೇಲರ್ ಒಳಗೆ ಸರಿಯುತ್ತದೆ, ಅದಕ್ಕೆ ಸುಲಭವಾಗಿ ಪೆಟ್ಟು ಬೀಳುವುದಿಲ್ಲ. ಮೇಲೆ ಬ್ಯಾಗು, ಇನ್ನೊಂದು ಸೈಕಲ್ಲು ಏನನ್ನೂ ಹೇರಬೇಡಿ. ಇಳಿಸಿದ ಮೇಲೆ ಹತ್ತುವ ಮುಂಚೆ, ಹಿಂದಿನ ಚಕ್ರ ಎತ್ತಿ ಹಿಡಿದು ಕೈಯಲ್ಲೇ ಪೆಡಲ್ ತಿರುಗಿಸುತ್ತಾ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ದೊಡ್ಡ ಹಲ್ಲುಚಕ್ರಕ್ಕೆ ಬಂದಾಗ ಡಿರೇಲರಿಗೂ ಕಡ್ಡಿಗಳಿಗೂ ನಡುವೆ ಜಾಗ ಕಾಣದಿದ್ದರೆ ಅವತ್ತು ಆ ಗೇರ್ ಬಳಸಬೇಡಿ.